ಎಂಜಿನ್ ಹಿಟ್ಟು

ಕೋಳಿ ಕೂಗುವ ಮೊದಲೇ ಏಳಬೇಕು. ಹಿಂದಿನ ದಿನ ಕೇರಿಟ್ಟ ಜೋಳವನ್ನು ಮಗ್ಗುಲಿಗೆ ಇಟ್ಟುಕೊಂಡು ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂರಬೇಕು. ಆ ದಿನದ ರೊಟ್ಟಿಗೆ ಸಾಕಾಗುವಷ್ಟು ಬೀಸಿ, ಜರಡಿ ಹಿಡಿದು, ನುಚ್ಚು ಬೇರೆ ತೆಗೆದಿಡಬೇಕು. ಸಗಣಿ ಬಾಚಬೇಕು, ಬಾಗಿಲಿಗೆ ನೀರು ಹಾಕಬೇಕು, ಬಾವಿಗೆ ಹೋಗಿ ಬರಬೇಕು, ಮತ್ತೊಮ್ಮೆ ಹೋಗಿ ಬರಬೇಕು. ಎಮ್ಮೆಯ ಹಾಲು ಕರೆದು, ಒಲೆಯ ಬೂದಿ ತೆಗೆದು, ಬೆಂಕಿ ಹೊತ್ತಿಸಿ ಎಸರಿಡಬೇಕು. ಗಂಡ ಗೋಣೆಪ್ಪ ಕಣ್ಣು ಬಿಡುವ ಹೊತ್ತಿಗೆ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿರಬೇಕು. ಬೆಳಗು ಆಯಿತು ಎಂದು ಆ ಮನೆಯಲ್ಲಿ ಹೇಳುತ್ತಿದ್ದುದು ಅದಾದ ಮೇಲೆ.

ಜಗಳೂರು ಸೀಮೆಯ ಆ ಹಳ್ಳಿಗೆ ಸೊಸೆಯಾಗಿ ಬಂದ ಮಾರನೆಯ ದಿನದಿಂದಲೇ ಉಚ್ಚಂಗಮ್ಮ ಈ ಕೆಲಸಗಳಿಗೆಲ್ಲ ಕೈ ಹಚ್ಚಿದ್ದಳು. ಮೊದಮೊದಲು ಬೀಸುವುದಕ್ಕೆ ಅತ್ತೆ ಗಾದ್ರಮ್ಮ ಜೊತೆಗಿರುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದರು. ಹಗಲೆಲ್ಲ ಅತ್ತೆಯ ಬಾಯಿಂದ ಬರುತ್ತಿದ್ದುದು ಅಪ್ಪಣೆಗಳು. ಆದರೆ ಕಲ್ಲಿನ ಮುಂದೆ, ಕತ್ತಲಲ್ಲಿ ಮುಖ ಕಾಣದಿರುವಾಗ, ಆಕೆ ಮಾತಾಡುತ್ತಿದ್ದಳು. ಸತ್ತುಹೋದ ಮೊದಲ ಮಗುವಿನ ಬಗ್ಗೆ ಹೇಳಿದ್ದು ಅಲ್ಲೇ. ಉಚ್ಚಂಗಮ್ಮ ಗಂಡ ಹೊಡೆದದ್ದನ್ನು ಬಾಯಿಬಿಟ್ಟು ಹೇಳಿಕೊಂಡದ್ದೂ ಅಲ್ಲೇ. "ಮುಂದಿನ ಸಲ ನನ್ ಕಡೆ ಬಾ," ಎಂದಿದ್ದಳು ಗಾದ್ರಮ್ಮ. ಅಷ್ಟೇ ಹೇಳಿ ಇನ್ನೊಂದು ಹಿಡಿ ಜೋಳ ಹಾಕಿದ್ದಳು. ಆಮೇಲೆ ಅತ್ತೆಯ ಹೆಗಲು ಕೈಕೊಟ್ಟಿತು. ಕಲ್ಲು ಪೂರಾ ಸೊಸೆಯ ಪಾಲಿಗೆ ಬಿತ್ತು.

ಎಪ್ಪತ್ತರ ದಶಕದ ನಡುವೆ ಊರಿನ ಪಂಚಾಕ್ಷರಪ್ಪ ಎಂಬವನು ದಾವಣಗೆರೆಯಿಂದ ಲಾರಿಯ ಮೇಲೆ ಎಣ್ಣೆ ಎಂಜಿನ್ನೊಂದನ್ನು ತಂದು ಊರ ಬಾಗಿಲ ಹತ್ತಿರ ಗಿರಣಿ ಹಾಕಿದ. ಇಬ್ಬರು ಹಿಡಿದು ಹ್ಯಾಂಡಲ್ ತಿರುಗಿಸಿದರೆ ದೊಡ್ಡ ಗಾಲಿ ಮೊದಲು ಮುನಿಸಿಕೊಂಡಂತೆ ನಿಧಾನ ತಿರುಗಿ, ಆಮೇಲೆ ಒಮ್ಮೆಗೇ ಓಟ ಹಿಡಿಯುತ್ತಿತ್ತು. ಕುಪ್ ಕುಪ್ ಸದ್ದು ಹೊಲದವರೆಗೂ ಕೇಳುತ್ತಿತ್ತು. ಎಂಜಿನ್ನನ್ನು ತಂಪು ಮಾಡಿ ಹೊರಗೆ ಬರುವ ಬಿಸಿನೀರಿಗೆ ಹೆಂಗಸರು ಮಕ್ಕಳನ್ನು ಸಾಲಾಗಿ ಕೂರಿಸಿ ಮೈ ತಿಕ್ಕುತ್ತಿದ್ದರು. ಯಾರಾದರೂ ಮೆಣಸಿನಕಾಯಿ ಹಾಕಿಸಿದರೆ ಅವರ ಹಿಂದೆ ಜೋಳ ಹಾಕಿಸಲು ಯಾರೂ ಮುಂದೆ ಬರುತ್ತಿರಲಿಲ್ಲ. "ನೀ ಮೊದ್ಲು ಹೋಗವ್ವ, ನಿನ್ ಗಂಡಗೆ ಖಾರ ಅಂದ್ರೆ ಇಷ್ಟ ಅಲ್ವಾ," ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು.

ಗಾದ್ರಮ್ಮನಿಗೆ ಎಂಜಿನ್ ಎಂದರೆ ಆಗದು. ಹುಡುಗಿಯಾಗಿದ್ದಾಗ ಆಕೆ ದಾವಣಗೆರೆಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದವಳು. ಅಲ್ಲಿನ ಯಂತ್ರಗಳೆಲ್ಲ ಹಬೆಯಿಂದ ನಡೆಯುತ್ತಿದ್ದವು.

"ಮನ್ಯಾಗೆ ಕೂತು ಹತ್ತಿ ಬಿಡಿಸ್ತಿದ್ವಿ. ಸಾಕು ಅನ್ನಿಸಿದ್ರೆ ಏಳ್ತಿದ್ವಿ," ಎನ್ನುತ್ತಿದ್ದಳು. "ಅಲ್ಲಿ ಹಬೆಗೆ ಸಾಕು ಅನ್ನಿಸ್ಬೇಕು. ಅದಕ್ಕೆಲ್ಲಿ ಸಾಕಾಗ್ತೈತೆ? ಕೆಲಸ ಕಡಿಮಿ ಆಗ್ತೈತೆ ಅಂತ ಹೇಳಿ ಕರ್ಕಂಡು ಹೋದ್ರು. ಉಚ್ಚೆ ಹೊಯ್ಯಾಕೂ ಬಿಡ್ಲಿಲ್ಲ."

ಆದರೂ ಊರೇ ಗಿರಣಿಯ ಮುಂದೆ ನಿಂತಾಗ ಈ ಮನೆಯ ಬುಟ್ಟಿಯೂ ಹೋಯಿತು. ಉಚ್ಚಂಗಮ್ಮ ತಂದ ಹಿಟ್ಟು ಕೈಸುಡುವಷ್ಟು ಬಿಸಿಯಾಗಿತ್ತು. ಗಾದ್ರಮ್ಮ ಅದನ್ನು ಮುಟ್ಟಿ ನೋಡಿ, ಆ ಕಾವು ಜೋಳದ ಜೀವವೆಂದೂ ಅದು ಹಾರಿಹೋಗಬಾರದೆಂದೂ ತಾನೇ ಗಡಿಗೆಗೆ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಮೇಲೆ ಮುಚ್ಚಳ ಇಟ್ಟಳು. ಎರಡೇ ದಿನಕ್ಕೆ ಹಿಟ್ಟು ಬೆವೆತು ಮುಗ್ಗಲು ವಾಸನೆ ಹೊಡೆಯಿತು. ರೊಟ್ಟಿ ತಟ್ಟಿದರೆ ಅಂಚೆಲ್ಲ ಬಿರುಕು. ಗೋಣೆಪ್ಪ ತಟ್ಟೆ ತಳ್ಳಿದ.

"ನಾ ಹೇಳಿರ್ಲಿಲ್ವಾ," ಎಂದಳು ಗಾದ್ರಮ್ಮ. "ಎಂಜಿನ್ ಹಿಟ್ಟಿಗೆ ಜಿಗಿ ಇರಲ್ಲ."

ಉಚ್ಚಂಗಮ್ಮ ಗಿರಣಿಯ ಹತ್ತಿರ ಬೇರೆ ಹೆಂಗಸರನ್ನು ಕೇಳಿದಳು. ಮುಂದಿನ ಸಲ ಹಳೆಯ ಸೀರೆ ಹಾಸಿ, ಹಿಟ್ಟು ಹರವಿ, ಪೂರಾ ಆರಿದ ಮೇಲೆ ತುಂಬಿಟ್ಟಳು. ರೊಟ್ಟಿ ಮೃದುವಾಗಿ ಎದ್ದಿತು. ಗೋಣೆಪ್ಪ ಇನ್ನೊಂದಕ್ಕೆ ಕೈಚಾಚಿದ.

ಹೀಗೆ ಅವಳಿಗೆ ಬೆಳಗಿನ ಒಂದು ಹೊತ್ತು ಉಳಿಯಿತು. ಅದರಲ್ಲಿ ಅವಳು ಏನನ್ನೂ ಮಾಡಲಿಲ್ಲ. ಅಭ್ಯಾಸಬಲದಿಂದ ಎಚ್ಚರವಾಗುತ್ತಿತ್ತು, ಏಳಬೇಕಾಗಿಲ್ಲ ಎಂಬುದು ನೆನಪಾಗುತ್ತಿತ್ತು. ಕೌದಿಯೊಳಗೆ ಮಗಳ ಬೆನ್ನಿಗೆ ಬೆನ್ನು ತಾಗಿಸಿಕೊಂಡು, ತನ್ನ ಕೈಗಳು ಸುಮ್ಮನೆ ಬಿದ್ದಿರುವುದನ್ನು ಬೇರೆ ಯಾರದೋ ಕೈಗಳೆಂಬಂತೆ ಗಮನಿಸುತ್ತಿದ್ದಳು. ಹುಟ್ಟಿದಾಗಿನಿಂದ ಅಂಥದ್ದೊಂದು ಹೊತ್ತು ಅವಳಿಗೆ ಸಿಕ್ಕಿರಲಿಲ್ಲ.

ಅದು ಮನೆಯವರ ಕಣ್ಣಿಗೆ ಬೀಳಲು ತಡವಾಗಲಿಲ್ಲ. "ಹೆಂಗೂ ಬೆಳಗ್ಗೆ ಖಾಲಿ ಇರ್ತೀಯ," ಎಂದು ಗೋಣೆಪ್ಪ ಇನ್ನೆರಡು ಎಮ್ಮೆ ಕಟ್ಟಿದ. ಹಾಲು ಕರೆದು, ಡೈರಿಯ ವ್ಯಾನು ಬರುವುದರೊಳಗೆ ಕ್ಯಾನು ಹೊತ್ತು ರಸ್ತೆಗೆ ಒಯ್ಯಬೇಕು. ಎಂಜಿನ್ ಕೊಟ್ಟದ್ದನ್ನು ಎಮ್ಮೆಗಳು ಮೇಯ್ದುಬಿಟ್ಟವು. ಕೌದಿಯೊಳಗೆ ಒಂದಿಷ್ಟೇ ಹೊತ್ತು ಉಳಿಯಿತು, ಎರಡು ಮಗ್ಗುಲು ಬದಲಿಸುವಷ್ಟು. ಉಚ್ಚಂಗಮ್ಮ ಅದನ್ನೇ ಕಾಪಾಡಿಕೊಂಡು ಬಂದಳು. ಮಗಳು ದೊಡ್ಡವಳಾದಳು, ಮದುವೆಯಾಗಿ ಹೊನ್ನಾಳಿ ಕಡೆ ಹೋದಳು.

ಎಂಬತ್ತೆರಡರ ಬೇಸಗೆಯಲ್ಲಿ ಎಂಜಿನ್ ಕೆಟ್ಟು ನಿಂತಿತು. ರಿಪೇರಿ ತಿಂಗಳುಗಟ್ಟಲೆ ಎಳೆಯಿತು. ಊರಿನ ಮನೆಮನೆಗಳಲ್ಲೂ ಮೂಲೆ ಸೇರಿದ್ದ ಕಲ್ಲುಗಳು ಈಚೆ ಬಂದವು. ಉಚ್ಚಂಗಮ್ಮ ಈಗ ಕೋಳಿ ಕೂಗುವುದಕ್ಕೂ ಎಷ್ಟೋ ಮೊದಲು ಏಳತೊಡಗಿದಳು. ಬೀಸುವುದೂ ಉಂಟು, ಎಮ್ಮೆಗಳೂ ಉಂಟು. ಹೆಗಲಲ್ಲಿ ಅತ್ತೆ ಹೇಳುತ್ತಿದ್ದಂಥದೇ ಸೆಳೆತ ಶುರುವಾಯಿತು. ಗಾದ್ರಮ್ಮ ಮಾತ್ರ ಕೋಲೂರಿಕೊಂಡು ಬಂದು ಎದುರಿಗೆ ಕೂರುತ್ತಿದ್ದಳು. ಗೂಟಕ್ಕೆ ಬರಿದೇ ಬೆರಳು ತಾಗಿಸುತ್ತಿದ್ದಳು. ಮಾತು ಮತ್ತೆ ಶುರುವಾಗಿತ್ತು.

"ಇಷ್ಟ್ ವರ್ಷ ಆ ಎಂಜಿನ್ ಸದ್ದು ಕೇಳ್ತಾ ಮಲಗಿರ್ತಿದ್ದೆ ಕಣವ್ವ," ಎಂದಳು ಒಂದು ದಿನ. "ಒಂದು ಮಾತಿಲ್ಲ ಕತೆಯಿಲ್ಲ."

ಉಚ್ಚಂಗಮ್ಮ ಕಲ್ಲು ತಿರುಗಿಸುತ್ತಲೇ ಇದ್ದಳು. ಅತ್ತೆಯ ಮಾತು ಅವಳಿಗೂ ಬೇಕಾಗಿತ್ತು. ಅದಕ್ಕೆ ತನ್ನ ಹೆಗಲನ್ನೇ ತೆರಬೇಕೇ ಎಂಬುದು ಬಗೆಹರಿಯಲಿಲ್ಲ.

ಎಂಜಿನ್ ಮತ್ತೆ ಕುಪ್ ಕುಪ್ ಎಂದ ದಿನ ಅವಳು ಗಿರಣಿಗೆಂದು ಜೋಳದ ಬುಟ್ಟಿಯನ್ನು ತಲೆಯ ಮೇಲೆ ಎತ್ತಿಟ್ಟಳು. ಗೋಣೆಪ್ಪ ಕೆಳಗಿಳಿಸಿದ.

"ಮನೆ ಹಿಟ್ಟಿನ ರೊಟ್ಟಿ ರುಚಿನೇ ಬೇರೆ ಐತೆ. ಇನ್ಮೇಲೆ ಮನ್ಯಾಗೇ ಬೀಸು."

"ಎಮ್ಮೆ ಯಾರು ನೋಡ್ತಾರೆ?"

"ನೀನೇ ನೋಡ್ತಿದ್ದೀಯಲ್ಲ ಇಷ್ಟು ದಿನ. ಆಗ್ತೈತೆ ಅಂತ ಗೊತ್ತಾತಲ್ಲ." ಅವನು ಬೀಡಿ ಹಚ್ಚಿದ. "ಕಲ್ಲು ಸವೆದೈತೆ, ಅದಕ್ಕೇ ನಿಂಗೆ ಭಾರ. ಕಕ್ಕು ಹೊಡೆದು ಕಲ್ಲನ್ನ ಒರಟು ಮಾಡೋನು ನಾಳೆ ಬರ್ತಾನೆ, ಹೊಡೆಸ್ಕೊ. ಹೂವಿನಂಗೆ ತಿರುಗ್ತೈತೆ."

ಗಾದ್ರಮ್ಮ ಸೊಸೆಯ ಕಡೆಗೊಮ್ಮೆ ನೋಡಿದಳು.

ಮಾರನೆಯ ದಿನ ಗೋಣೆಪ್ಪ ಹೊಲಕ್ಕೆ ಹೋಗಿದ್ದ. ಗಾದ್ರಮ್ಮ ಆಚೆ ಬೀದಿಯ ಬಾಣಂತಿಯನ್ನು ನೋಡಲು ಹೋಗಿದ್ದಳು. ಉಳಿ ಸುತ್ತಿಗೆಯ ಚೀಲ ಹೆಗಲಿಗೆ ಹಾಕಿಕೊಂಡವನು ಬಾಗಿಲಲ್ಲಿ ನಿಂತು ಕೂಗಿದ. ಒಳಗೆ ಬಂದು, ಮೇಲಿನ ಕಲ್ಲನ್ನು ಎತ್ತಿ, ಅಂಗೈಯಿಂದ ಸವರಿ ನೋಡಿದ.

"ಕನ್ನಡಿ ಆಗೈತಲ್ಲವ್ವ. ಇದ್ರಾಗೆ ಬೀಸಿದ್ರೆ ರಟ್ಟೆ ಬಿದ್ದು ಹೋಗ್ತೈತೆ. ಈಗ ಕಕ್ಕು ಹೊಡೆದು ಕೊಟ್ರೆ ವರ್ಷಗಟ್ಲೆ ಚಿಂತೆ ಇಲ್ಲ."

ವರ್ಷಗಟ್ಟಲೆ. ಉಚ್ಚಂಗಮ್ಮ ಆ ನುಣುಪು ಕಲ್ಲನ್ನು ನೋಡಿದಳು. ಅದನ್ನು ಹಾಗೆ ಸವೆಸಿದ್ದು ತಾನು, ತನಗಿಂತ ಮೊದಲು ಅತ್ತೆ. ಕಲ್ಲಿನ ಮೈ ಒರಟಾದರೆ ಅದು ಮತ್ತೆ ಚೆನ್ನಾಗಿ ಬೀಸುತ್ತದೆ. ಚೆನ್ನಾಗಿ ಬೀಸಿದರೆ ಗಿರಣಿಯ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ. ಅತ್ತೆ ಬೆಳಗಿನಲ್ಲಿ ಎದುರಿಗೆ ಬಂದು ಕೂರುವುದು ನೆನಪಾಯಿತು. ಕೂತು ಮಾತಾಡಲು ಕಲ್ಲೇ ಬೇಕೆಂದು ಯಾರು ಹೇಳಿದರು? ಎಮ್ಮೆಯ ಹಾಲು ಕರೆಯುವಾಗಲೂ ಎದುರಿಗೆ ಒಂದು ಮಣೆ ಹಾಕಬಹುದು. ಬಂದರೆ ಬರುತ್ತಾಳೆ. ಬರದೆಯೂ ಇರಬಹುದು.

"ಬ್ಯಾಡಪ್ಪ," ಎಂದಳು. "ಕಲ್ಲು ಹಂಗೇ ಇಡು."

"ಗೋಣೆಪ್ಪಣ್ಣ ಹೇಳಿ ಕಳ್ಸಿದ್ರಲ್ಲ?"

"ಬೀಸೋಳು ನಾನು."

ಅವನು ಭುಜ ಕುಣಿಸಿ, ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೋದ. ಸಂಜೆ ಗಂಡ ಕೇಳುತ್ತಾನೆ. ಕಕ್ಕು ಹೊಡೆಯುವವನು ಬರಲೇ ಇಲ್ಲ ಎಂದುಬಿಡುವುದು ಸುಲಭ. ಆದರೆ ಹಾಗೆಂದರೆ ಇನ್ನೊಂದು ದಿನ ಬಂದೇ ಬರುತ್ತಾನೆ. ಉಚ್ಚಂಗಮ್ಮ ಹೊಸ್ತಿಲ ಮೇಲೆ ಕೂತು ಸ್ವಲ್ಪ ಹೊತ್ತು ಯೋಚಿಸಿದಳು. ಬಂದಿದ್ದ, ನಾನೇ ಕಳಿಸಿದೆ ಎಂದು ಹೇಳುವುದೆಂದು ಗಟ್ಟಿ ಮಾಡಿಕೊಂಡು ಎದ್ದು, ಗಿರಣಿಗೆ ಒಯ್ಯುವ ಬುಟ್ಟಿಗೆ ಜೋಳ ಅಳೆಯತೊಡಗಿದಳು.