ಡಬ್ಬಿಯಲ್ಲಿ ಬಂದ ಪರಿಮಳ

ಸಂಜೆ ಮಗಳ ಊಟದ ಡಬ್ಬಿ ತೊಳೆಯಲೆಂದು ಮುಚ್ಚಳ ತೆಗೆದರೆ ಗೋಂಗುರ ಉಪ್ಪಿನಕಾಯಿಯ ವಾಸನೆ. ಬೆಳಗ್ಗೆ ಏಳುವುದು ತಡವಾಗಿ ನಾನು ತುಂಬಿ ಕಳಿಸಿದ್ದು ಬರೀ ಉಪ್ಪಿಟ್ಟು. ನನ್ನ ಮೂಗಿನ ಮೇಲೇ ಅನುಮಾನ ಬಂದು ಇನ್ನೊಮ್ಮೆ ಮೂಸಿದೆ. ನೀವು ನಗಬಹುದು. ಆದರೆ ಮಗಳು ಕಾಲೇಜು ಸೇರಿದ ಮೇಲೆ ನನಗೆ ಅಲ್ಲಿನ ಸಮಾಚಾರ ಸಿಗುವುದು ಈ ಡಬ್ಬಿಯಿಂದಲೇ. ಅವಳನ್ನು ಕೇಳಿದರೆ ಕಾಲೇಜೂ "ಚೆನ್ನಾಗಿತ್ತು", ಪಲ್ಯವೂ "ಚೆನ್ನಾಗಿತ್ತು". ಡಬ್ಬಿ ಮಾತ್ರ ಮೊದಲಿಂದಲೂ ಅರ್ಧ ತುಂಬಿಯೇ ವಾಪಸಾಗುತ್ತಿತ್ತು. ಒಬ್ಬಳೇ ಕೂತು ತಿನ್ನುತ್ತಿದ್ದಾಳೆ ಎಂದು ನನಗೆ ಗೊತ್ತಾಗಿಹೋಗಿತ್ತು. ಆ ವಿದ್ಯೆಯಲ್ಲಿ ನಾನೂ ಪಳಗಿದವಳೇ.

ನಮ್ಮೂರು ಕೋಗಿಲು ಇನ್ನೂ ಹಳ್ಳಿಯಾಗಿದ್ದಾಗ ನಾನು ಅಲ್ಲಿಂದ ಯಶವಂತಪುರದ ಕಡೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಿಟಿಯ ಲೇಔಟ್‌ಗಳಿಂದ ಬರುತ್ತಿದ್ದ ಕ್ಲಾಸಿನ ಹುಡುಗಿಯರು ನಗುವುದೂ ಇಂಗ್ಲಿಷಿನಲ್ಲೇ ಅಂತ ನನಗೆ ಅನ್ನಿಸುತ್ತಿತ್ತು. ಹಾಗಾಗಿ ಕೊನೇ ಬೆಂಚಿನಲ್ಲಿ ಮುಚ್ಚಳ ಅರ್ಧ ತೆರೆದು, ಗಬಗಬ ನುಂಗಿ, ಆಮೇಲೆ ಓದುವವಳಂತೆ ಪುಸ್ತಕಕ್ಕೆ ಮುಖ ಕೊಡುತ್ತಿದ್ದೆ.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ನಮ್ಮ ಹೊಲದ್ದೇ ಸೊಗಡಿನ ಕಾಯಿ. ನೆನೆಸಿದ ಕಾಳನ್ನು ಮನೆಯವರೆಲ್ಲ ಕೂತು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದೆವು. ಒಂದು ಬೆಳಗ್ಗೆ ಅವ್ವ ಆ ಬೇಳೆ ಸಾರನ್ನೇ ಡಬ್ಬಿಗೆ ಸುರಿದಳು.

"ಕ್ಲಾಸೆಲ್ಲ ವಾಸ್ನೆ ಬರ್ತದೆ ಕಣವ್ವ!"

"ಬರ್ಲಿ ಬುಡು. ಅವ್ರಿಗೂ ಮೂಗೈತೆ."

ಮಧ್ಯಾಹ್ನ ಮುಚ್ಚಳ ತೆಗೆದಿದ್ದೇ ತಡ, ಮುಂದಿನ ಬೆಂಚಿನ ಸುಮಾ ಗಕ್ಕನೆ ತಿರುಗಿದಳು. ಆರ್.ಟಿ. ನಗರದವಳು, ಇಸ್ತ್ರಿ ಮಾಡಿದ ದುಪಟ್ಟಾದವಳು. "ಯಾರೇ ಅದು ಹಿತುಕಿದ ಬೇಳೆ ತಂದಿರೋದು?" ಸಿಕ್ಕಿಬಿದ್ದ ಕಳ್ಳಿಯಂತೆ ಕೈ ಎತ್ತಿದೆ. "ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ಯೇ? ನಮ್ಮಮ್ಮಂಗೆ ಹಿತುಕೋಕೆ ಪುರ್ಸೊತ್ತೇ ಇಲ್ಲ!" ಎನ್ನುತ್ತಾ ತನ್ನ ಚಪಾತಿ ಸಮೇತ ಪಕ್ಕಕ್ಕೆ ಬಂದು ಕೂತಳು. ನನಗೆ ಸಿಕ್ಕಿದ್ದು ಒಂದೆರಡು ತುತ್ತು. ಹಸಿದುಕೊಂಡೇ ಬಸ್ಸು ಹತ್ತಿದೆ, ಕಂಡಕ್ಟರ್ ಅನುಮಾನದಿಂದ ನೋಡುವಷ್ಟು ನಗುತ್ತಾ.

ಮದ್ದು ನನ್ನ ಕೈಯಲ್ಲೇ ಇದೆಯಲ್ಲ ಅಂದುಕೊಂಡು ಹೋದ ವಾರ ಮಗಳಿಗೂ ದೊಡ್ಡ ಡಬ್ಬಿ ತುಂಬ ಹಿತುಕಿದ ಬೇಳೆ ಸಾರು ಕಳಿಸಿದೆ. "ಅಮ್ಮಾ, ನಾನೇನ್ ಮೆಸ್ ನಡೆಸ್ತಿದೀನಾ?" ಎಂದಳು. ಸಾರು ಹೋದಷ್ಟೇ ವಾಪಸ್ ಬಂತು. ಯಾರೂ ತಿರುಗಿ ನೋಡಲಿಲ್ಲವಂತೆ, ಎಲ್ಲರ ಕಿವಿಯಲ್ಲೂ ಇಯರ್‌ಫೋನಂತೆ. ಮೂಗು ಖಾಲಿ ಇರುತ್ತಲ್ಲ ಎಂದು ಕೇಳಬೇಕೆನಿಸಿತು.

ಇವತ್ತು ಡಬ್ಬಿ ಹಿಡಿದುಕೊಂಡೇ ಅವಳ ರೂಮಿಗೆ ಹೋದೆ.

"ಈ ಗೋಂಗುರ ಯಾರದೇ?"

"ದಿವ್ಯಾದು. ನೆಲ್ಲೂರವಳು, ಜಕ್ಕೂರಲ್ಲಿ ಪಿಜೀಲಿದಾಳೆ."

"ಮತ್ತೆ ಉಪ್ಪಿಟ್ಟು ಎಲ್ಲಿ ಹೋಯ್ತು?"

"ಅವಳೇ ಮುಗಿಸಿದ್ಲು. ಮನೇದು ತಿಂದು ಎಷ್ಟು ದಿನ ಆಯ್ತು ಅಂದ್ಲು. ನಾಳೇನೂ ಅದೇ ಹಾಕಮ್ಮ, ಜಾಸ್ತಿ ಹಾಕು."

ನನ್ನ ಅವರೆಬೇಳೆ ಮಾಡಲಾಗದ್ದನ್ನು ನಿದ್ದೆಗಣ್ಣಿನ ಉಪ್ಪಿಟ್ಟು ಮಾಡಿತ್ತು. ಈಗ, ನಾಳೆಗೆಂದು ರವೆ ಹುರಿಯುತ್ತಾ ನಿಂತಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಉಪ್ಪಿಟ್ಟು ಗಟ್ಟಿಯಾಗಿಬಿಟ್ಟರೆ ಪಾಪ ಆ ದಿವ್ಯಾ ಹೇಗೆ ತಿಂದಾಳು?