ಗಾಜಿನ ಪೆಟ್ಟಿಗೆಗೆ ಬೆಳಕು

ತಂಗಿ ಕಾಮಾಲೆಯಾಗಿ ತೀರಿಕೊಂಡಾಗ ನಾನು ರಾಮದುರ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಒಂದೇ ಬಾಡಿಗೆ ಮನೆಯಲ್ಲಿ ಇಬ್ಬರೂ ಇದ್ದೆವು. ಹದಿಮೂರು ದಿನ ಮುಗಿಸಿ ಶಾಲೆಗೆ ಹೋದೆ. ಅಳು ಬಂದಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಯಾರಾದರೂ ಕೈ ಹಿಡಿದು ಸಮಾಧಾನ ಹೇಳಿದರೆ ಅವರ ಬಳೆಗಳನ್ನು ನೋಡುತ್ತ ಕೂರುತ್ತಿದ್ದೆ.

ನಮ್ಮ ಮುಖ್ಯೋಪಾಧ್ಯಾಯಿನಿ, ಹೆಡ್‌ಬಾಯಿಯವರು, ಪ್ರಯೋಗದ ಕೋಣೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಗಾಜಿನ ಪೆಟ್ಟಿಗೆ ತೋರಿಸಿದರು. "ಇದರಾಗ ನೀರಿನ ಗಿಡಾ, ಮೀನಾ ಹಾಕಿ ಇಡ್ರಿ. ಹುಡುಗ್ಯಾರಿಗೆ ಪಾಠ ಆಗತೈತಿ, ನಿಮಗೂ ಕೈಗೊಂದು ಕೆಲಸ."

ಮಲಪ್ರಭೆಯ ಮರಳನ್ನು ತೊಳೆದು ಹಾಸಿದೆ. ಹೊಳೆಯಲ್ಲೇ ಸಿಕ್ಕ ಹೈಡ್ರಿಲ್ಲಾ ಗಿಡ ನೆಟ್ಟು, ನಾಲ್ಕು ಸಣ್ಣ ಮೀನು ಬಿಟ್ಟೆ. ಗಿಡಕ್ಕೆ ಬಿಸಿಲು ಬೇಕಲ್ಲ ಎಂದು ಕಿಟಕಿಯ ಹತ್ತಿರ ಇಟ್ಟರೆ ಹತ್ತೇ ದಿನದಲ್ಲಿ ನೀರು ಹಸಿರಾಗಿ ಗಾಜಿಗೆಲ್ಲ ಪಾಚಿ ಕಟ್ಟಿತು. ಒಳಗಿನ ಗೋಡೆಗೆ ಸರಿಸಿದೆ. ಅಲ್ಲಿ ಗಿಡ ಬಿಳಿಚಿಕೊಂಡು ಉದ್ದಕ್ಕೆ ಬೆಳೆಯಿತು, ಬುಡ ಕೊಳೆಯಿತು. ಆಮೇಲೆ ನೂರು ವ್ಯಾಟಿನ ಬಲ್ಬೊಂದನ್ನು ನೀರಿಗೆ ಗೇಣುದ್ದ ಮೇಲೆ ಇಳಿಬಿಟ್ಟು, ಹಚ್ಚಿ, ಪಾಠಕ್ಕೆ ಹೋದೆ.

ಮಧ್ಯಾಹ್ನ ಬಂದು ಕೈ ಅದ್ದಿದರೆ ಸ್ನಾನದ ನೀರಿನಷ್ಟು ಬಿಸಿ. ಎರಡು ಮೀನು ಮಗುಚಿ ತೇಲುತ್ತಿದ್ದವು. ಸುತ್ತ ನಿಂತ ಹುಡುಗಿಯರು ಅತ್ತರು. ನಾನು ಅವನ್ನೆತ್ತಿ ಕಾಗದದಲ್ಲಿ ಸುತ್ತಿ ಬೇವಿನ ಮರದ ಕೆಳಗೆ ಹೂತು ಬಂದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಬಾಯಾರ, ನಿಮಗ ಕೆಟ್ಟ ಅನಸೂದಿಲ್ಲೇನ್ರಿ?"

"ಗೊತ್ತಿಲ್ಲವಾ," ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ರವಿವಾರ ಬೈಲಹೊಂಗಲಕ್ಕೆ ಬಸ್ಸು ಹತ್ತಿದೆ. ಅಲ್ಲಿನ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ದೀಪ ಕೇಳಿದಾಗ ಮುದುಕ, "ಮನ್ಯಾಗ ಯಾವ ಖೋಲಿಗೆ ಹಚ್ಚಾವ್ರಿ?" ಎಂದ.

"ಮೀನಿನ ಪೆಟ್ಟಿಗಿಗೆ. ಬೆಳಕು ಬೇಕು, ಕಾವು ಬ್ಯಾಡ."

ಅವನು ನಗಲಿಲ್ಲ. ಪೆಟ್ಟಿಗೆಯ ಉದ್ದ ಕೇಳಿ ಎರಡು ಫೂಟಿನ ಟ್ಯೂಬ್‌ಲೈಟ್ ತೆಗೆದ. ಹಚ್ಚಿ ತೋರಿಸಿ, "ಕೈ ಇಟ್ಟು ನೋಡ್ರಿ," ಎಂದ. ಉಗುರುಬೆಚ್ಚಗಿತ್ತು. "ಹಗಲಿನಂಥಾ ಬಿಳೀ ಬೆಳಕು. ಆದರ ದಿನಾ ಪೂರ್ತಿ ಉರಸಬ್ಯಾಡ್ರಿ, ಗಿಡಕ್ಕೂ ಕತ್ತಲಿ ಬೇಕಾಗತೈತಿ."

ವೃತ್ತಪತ್ರಿಕೆ ಸುತ್ತಿದ ಟ್ಯೂಬನ್ನು ತೊಡೆಯ ಮೇಲೆ ಅಡ್ಡ ಹಿಡಿದು ವಾಪಸು ಬಸ್ಸಿನಲ್ಲಿ ಕೂತೆ. ಮುನವಳ್ಳಿಯಲ್ಲಿ ಹತ್ತಿದ ಹೆಂಗಸು ಪಕ್ಕದಲ್ಲಿ ಕೂತು, "ಅದೇನವಾ?" ಎಂದಳು.

"ದೀಪ ರೀ."

"ಮನ್ಯಾಗ ಲಗ್ನ ಐತೇನು?"

"ಹೂಂ," ಅಂದೆ. ಯಾಕೆ ಹಾಗಂದೆನೋ. "ಯಾರದು?" ಎಂದಳು. "ತಂಗೀದು." ಆಕೆ, ಛಲೋ ಆಗಲಿ ಅಂತ ಬಾಯಿ ತುಂಬ ಹರಸಿದಳು. ಸವದತ್ತಿ ಬರುವ ತನಕ ಸೀರೆ, ಬೀಗರು, ಅಡುಗೆಯವರ ಬಗ್ಗೆ ಕೇಳಿದಳು. ಎಲ್ಲದಕ್ಕೂ ಉತ್ತರ ಕೊಟ್ಟೆ.

ಟ್ಯೂಬನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ಶಾಲೆ ತೆರೆದಾಗ ಹಚ್ಚಿ, ಮುಚ್ಚುವಾಗ ಆರಿಸುತ್ತಿದ್ದೆ. ಮೂರನೆಯ ವಾರಕ್ಕೆ ಹೈಡ್ರಿಲ್ಲಾದ ತುದಿಗಳಲ್ಲಿ ಹೊಸ ಎಲೆ ಗುಂಪಾಗಿ ಬಂತು. ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಎಲೆಗಳಿಂದ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಹುಡುಗಿಯರಿಗೆ ಎಣಿಸಲು ಹೇಳಿದೆ, ನಾನೂ ಎಣಿಸಿದೆ. ಹೆಡ್‌ಬಾಯಿಯವರು ಬಂದು ನೋಡಿ, "ಛಲೋ ಆತು ನೋಡ್ರಿ," ಎಂದು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ನಗಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಆ ಸಂಜೆ ಮನೆಗೆ ಹೋಗಿ ಜೋಳದ ಭಾಕರಿ ಬಡಿದೆ. ನನಗೊಬ್ಬಳಿಗೆ ಎರಡು ಸಾಕಾಗುತ್ತಿತ್ತು. ನಾಲ್ಕು ಬಡಿದಿದ್ದೆ. ಉಳಿದ ಎರಡನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮರುದಿನ ಬೆಳಿಗ್ಗೆ ಮೊಸರು ಹಾಕಿಕೊಂಡು ತಿಂದು ಶಾಲೆಗೆ ಹೋದೆ.