ಅಕ್ಕೋರು ಓದಿದ ನನ್ನ ವರದಿ

ನಮ್ಮ ಪಕ್ಕದ ಮನೆಯ ಅಕ್ಕೋರ ಬಲಗೈ ತೋರುಬೆರಳು ತುಸು ಸೊಟ್ಟ. ಮಾತಾಡುವಾಗ ಅದನ್ನು ಎದುರಿನವರ ಭುಜಕ್ಕೆ ಕುಟ್ಟುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ನಮ್ಮೂರು ಹೊಳನಗದ್ದೆಯವರೆಲ್ಲ ಅವರ ವಿದ್ಯಾರ್ಥಿಗಳೇ. ಬಸ್ಸಿಗೆ ಓಡುವವನನ್ನೂ ನಿಲ್ಲಿಸಿ, "ಎಂತಕ್ಕೆ? ಹೇಳು, ಎಂತಕ್ಕೆ?" ಎನ್ನುತ್ತಿದ್ದರು. ನನಗಂತೂ ಸಾಕುಸಾಕಾಗಿತ್ತು.

ನಾನು ಭಟ್ಕಳದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರ. ಹೋದ ವರ್ಷ ಬಲ ಮಂಡಿ ಊದಿಕೊಂಡಿತು. ಮಂಗಳೂರಿನಲ್ಲಿ ಗಡ್ಡೆಯ ಚೂರು ತೆಗೆದು ನೋಡಿದ ಡಾಕ್ಟರು, "ಎಲುಬಿನ ಕ್ಯಾನ್ಸರ್ ಇದ್ದ ಹಾಗಿದೆ, ಕಾಲು ತೆಗೆಯಬೇಕಾಗಬಹುದು" ಎಂದರು. ಅಮ್ಮ ಊಟ ಬಿಟ್ಟು ಕೂತಿದ್ದಾಗ ಅಕ್ಕೋರು ಬಂದು ವರದಿ ಕಿತ್ತುಕೊಂಡು ಓದಿದರು.

"ಹಿಸ್ಟೋನ್ ಜೀನ್ ನೋಡಿದ್ರಾ?"

"ಅಕ್ಕೋರೆ, ಈಗ ಪಾಠ ಬೇಡ."

ಬೆರಳು ಭುಜಕ್ಕೆ ಬಿತ್ತು. "ಕೇಳು. ಡಿಎನ್‌ಎ ಅಂದ್ರೆ ಉದ್ದ ದಾರ. ಹಿಸ್ಟೋನ್ ಅದನ್ನ ಸುತ್ತಿಡೂ ರೀಲು. ರೀಲು ಮಾಡೂ ಜೀನಲ್ಲೇ ಒಂದಕ್ಷರ ತಪ್ಪಿದ್ರೆ, ಯಾವ ಜೀನು ಕೆಲಸ ಮಾಡ್ಬೇಕು, ಯಾವ್ದು ಸುಮ್ನಿರ್ಬೇಕು ಅನ್ನೂದೇ ಹದಗೆಡ್ತದೆ. ಗಡ್ಡೆ ಬೆಳೀತದೆ. ಮಕ್ಕಳ ಮಿದುಳಲ್ಲಿ ಅಂಥ ಒಂದು ತಪ್ಪಾದ್ರೆ ಉಳಿಸೂದು ಕಷ್ಟ. ಮಂಡೀಲಿ ಆಗೂದು ಬೇರೆ ತಪ್ಪು, ಅದ್ರಿಂದ ಬರೂ ಗಡ್ಡೆ ಅಷ್ಟು ಕೆಟ್ಟದ್ದಲ್ಲ. ಅದು ಸಿಕ್ರೆ ನಿಂದು ಆ ಕೆಟ್ಟ ಕ್ಯಾನ್ಸರ್ ಅಲ್ದೇ ಇರ್ಬಹುದು. ಕಾಲು ಉಳೀತದೆ."

ಮರುದಿನ ಕುಮಟಾದಿಂದ ರೈಲು ಹತ್ತಿ ನನ್ನ ಜತೆಗೇ ಬಂದರು. ಡಾಕ್ಟರ ಎದುರೂ ಬೆರಳೆತ್ತಿದರು. ನಾಚಿಕೆಯಿಂದ ನಾನು ನೆಲ ನೋಡುತ್ತಿದ್ದೆ. ಡಾಕ್ಟರು ಮಾತ್ರ, "ನಮಗೂ ಸಂಶಯವಿದೆ, ಆ ಪರೀಕ್ಷೆಗೆ ಕಳಿಸೋಣ" ಎಂದರು. ಮೂರು ವಾರ ಕಾದೆವು. ಅಷ್ಟೂ ದಿನ ಅಕ್ಕೋರು ಆಸ್ಪತ್ರೆಗೆ ಫೋನು ಮಾಡಿ ಮಾಡಿ ಎಲ್ಲರ ತಲೆ ತಿಂದರು. ಕೊನೆಗೆ ಅಕ್ಕೋರು ಹೇಳಿದ ಆ ತಪ್ಪೇ ಸಿಕ್ಕಿತು; ಕೆಟ್ಟ ಕ್ಯಾನ್ಸರ್ ಅಲ್ಲ. ಗಡ್ಡೆಯನ್ನು ಕೆರೆದು ತೆಗೆದು ಆ ಜಾಗಕ್ಕೆ ಎಲುಬಿನ ಸಿಮೆಂಟು ತುಂಬಿದರು. ಕಾಲು ಉಳಿಯಿತು.

ನಾನು ಊರುಗೋಲು ಬಿಡುವ ಹೊತ್ತಿಗೆ ಅಕ್ಕೋರು ಹಾಸಿಗೆ ಹಿಡಿದಿದ್ದರು. ಹೊಟ್ಟೆಯ ಕ್ಯಾನ್ಸರು, ಎಲ್ಲ ಕಡೆ ಹಬ್ಬಿತ್ತು. ತಿಂಗಳುಗಟ್ಟಲೆ ನೋವಿದ್ದರೂ ಯಾರಿಗೂ ತೋರಿಸಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಊರವರ ವರದಿಯೆಲ್ಲ ಓದ್ತೀರಿ, ನಿಮ್ಮ ಹೊಟ್ಟೆನೋವು ಗೊತ್ತಾಗ್ಲಿಲ್ವಾ?" ಎಂದು ಕೂಗಾಡಿದೆ.

"ಗ್ಯಾಸು ಅಂತ ಮಾಡಿದ್ದೆ ಮಾರಾಯಾ," ಎಂದು ಗೋಡೆಯ ಕಡೆ ತಿರುಗಿದರು.

ಮುಂದಿನ ವಾರ ಹೋಗಿಬಿಟ್ಟರು. ಹನ್ನೆರಡನೇ ದಿನದ ಊಟ ಮುಗಿದ ಮೇಲೆ, ಅವರ ಜತೆಗೇ ಇದ್ದ ಅವರ ತಂಗಿಯ ಮೇಲೂ ರೇಗಿದೆ: "ನೀವಾದ್ರೂ ಜೋರು ಮಾಡ್ಬಾರ್ದಿತ್ತಾ?"

"ಮಾಡಿದ್ದೆ. ಡಾಕ್ಟರ ಹತ್ರ ಇಂಥಾ ದಿನ ಹೋಗೂದು ಅಂತ ನಿಕ್ಕಿ ಆಗಿತ್ತು. ನಿನ್ನ ವರದಿ ಬರೂದೂ ಅದೇ ವಾರ. 'ಮೊದ್ಲು ಅವನ ಕಾಲಿಂದು ಒಂದು ಮುಗೀಲಿ, ಆಮೇಲೆ ನೋಡ್ವ' ಅಂದ್ರು."